ವೈದ್ಯನಾಗಿ ಬಂದು ಗುರುವಾದ ಇಟಾರ್

ವಿದ್ಯೆಯ ಮೊದಲ ಮೆಟ್ಟಿಲನ್ನು ನಮ್ಮ ಹಿರಿಯರು ಶ್ರವಣವೆಂದು ಕರೆದರು. ಅದರ ಬೆನ್ನಿಗೇ ಮನನವನ್ನು ಹೇಳಿದರು. ಕಿವಿಗೆ ಬಿದ್ದ ಶಬ್ದವೆಲ್ಲ ಮನಸ್ಸನ್ನು ಮುಟ್ಟುವುದಿಲ್ಲವೆಂಬ ಅರಿವು ಈ ವಿಭಾಗದಲ್ಲಿಯೇ ಅಡಗಿದೆ. ಕೇಳಿಸುವುದು ಬೇರೆ, ಕೇಳುವುದು ಬೇರೆ. ಇವೆರಡರ ನಡುವೆ ಅವಧಾನವೆಂಬ ಸೇತುವೆಯೊಂದುಂಟು. ಆ ಸೇತುವೆಯು ಎಲ್ಲಿ ಮುರಿದಿದೆಯೆಂಬುದನ್ನು ಒಂದು ಮಗುವಿನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ, ಕಂಡುದನ್ನು ಕಂಡಂತೆ ಬರೆದಿಟ್ಟವರ ಪೈಕಿ ಫ್ರಾನ್ಸ್ ದೇಶದ ವೈದ್ಯ ಝಾನ್ ಮಾರ್ಕ್ ಗಾಸ್ಪಾರ್ ಇಟಾರನು ಮೊದಲಿಗರಲ್ಲೊಬ್ಬನು. ಉಪಾಧ್ಯಾಯ ವೃತ್ತಿಯಲ್ಲಿರುವವರು ಈತನ ಜೀವನವನ್ನು ತಿಳಿಯತಕ್ಕದ್ದೆಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಈತನ ಸಿದ್ಧಿಗಳಿಗಾಗಿ ಎಷ್ಟೋ, ಈತನ ತಪ್ಪುಗಳಿಗಾಗಿಯೂ ಅಷ್ಟೇ.

ಇಟಾರನು 1774ನೆಯ ಇಸವಿಯ ಏಪ್ರಿಲ್ 24ರಂದು ದಕ್ಷಿಣ ಫ್ರಾನ್ಸಿನ ಓರೇಝಾನ್ ಎಂಬ ಊರಿನಲ್ಲಿ ಜನಿಸಿದನು. ವೈದ್ಯನಾಗಬೇಕೆಂಬ ಹಂಬಲವೇನೂ ಆತನಿಗಿರಲಿಲ್ಲ. ವ್ಯಾಪಾರದ ಲೆಕ್ಕಪತ್ರಗಳಲ್ಲಿಯೇ ಆತನ ಬಾಳು ಕಳೆಯಬೇಕಾಗಿದ್ದಿತು. ಅಷ್ಟರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯು ಬಂದೊದಗಿ ತರುಣರನ್ನೆಲ್ಲ ಸೇನೆಗೆ ಸೆಳೆಯತೊಡಗಿತು. ಬಂದೂಕು ಹಿಡಿಯುವುದನ್ನು ತಪ್ಪಿಸಿಕೊಳ್ಳಲೆಂದು ಇಟಾರನು ಸೈನಿಕ ಆಸ್ಪತ್ರೆಯೊಂದರಲ್ಲಿ ಸಹಾಯಕನಾಗಿ ಸೇರಿದನು. ಅಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಲಾರೇಯ ಪಾಠಗಳನ್ನು ಕೇಳಿ, ತಪ್ಪಿಸಿಕೊಳ್ಳಲು ಹಿಡಿದ ಕೆಲಸವನ್ನೇ ಪ್ರೀತಿಸಿ, ಪ್ಯಾರಿಸಿನ ವಾಲ್ ದ ಗ್ರಾಸ್ ಆಸ್ಪತ್ರೆಗೆ ಬಂದನು. 1800ರ ಕೊನೆಯಲ್ಲಿ ಅದೇ ನಗರದ ಕಿವುಡ ಮಕ್ಕಳ ರಾಷ್ಟ್ರೀಯ ವಿದ್ಯಾಲಯಕ್ಕೆ ವೈದ್ಯನಾಗಿ ನೇಮಕಗೊಂಡನು. ಆಗ ಆತನಿಗೆ ಇಪ್ಪತ್ತಾರು ವರ್ಷ.

ಆ ವಿದ್ಯಾಲಯದಲ್ಲಿ ಆ ವೇಳೆಗಾಗಲೇ ಒಬ್ಬ ವಿಚಿತ್ರ ಬಾಲಕನಿದ್ದನು. 1797ರಿಂದಲೂ ದಕ್ಷಿಣದ ಲಾಕೋನ್ ಅರಣ್ಯಗಳಲ್ಲಿ ಬತ್ತಲೆಯಾಗಿ ಅಲೆಯುತ್ತ, ಗೆಡ್ಡೆಗೆಣಸು ಕಾಯಿಗಳನ್ನು ತಿನ್ನುತ್ತಿದ್ದ ಈ ಬಾಲಕನನ್ನು ಜನರು ಹಿಡಿದು ತಂದರೂ ಆತನು ತಪ್ಪಿಸಿಕೊಂಡು ಕಾಡು ಸೇರಿದ್ದನು. 1800ರ ಜನವರಿಯ ಕೊರೆಯುವ ಚಳಿಯಲ್ಲಿ ಅವೆರೋನ್ ಪ್ರಾಂತದ ಸೇನ್ ಸೆರ್ನೇನ್ ಎಂಬ ಹಳ್ಳಿಯಲ್ಲಿ ಬಟ್ಟೆಗೆ ಬಣ್ಣ ಹಾಕುವವನೊಬ್ಬನ ಮನೆಯ ಬಳಿ ಕಾಣಿಸಿಕೊಂಡು ಮತ್ತೆ ಸಿಕ್ಕಿಬಿದ್ದನು. ವಯಸ್ಸು ಸುಮಾರು ಹನ್ನೆರಡು. ಮಾತಿಲ್ಲ, ಮೈತುಂಬ ಗಾಯದ ಕಲೆಗಳು, ಕಂಠದ ಮೇಲೆಯೂ ಒಂದು ಕಲೆ. ಆಗಸ್ಟಿನಲ್ಲಿ ಆತನನ್ನು ಪ್ಯಾರಿಸಿಗೆ ಕರೆತಂದಾಗ ನೋಡಲು ಜನಜಾತ್ರೆಯೇ ನೆರೆಯಿತು. ನೋಡಿದವರು ಕೆಲವೇ ದಿನಗಳಲ್ಲಿ ಬೇಸತ್ತು ಮರೆತರು. ಚಿತ್ತರೋಗ ಚಿಕಿತ್ಸೆಯಲ್ಲಿ ಯೂರೋಪಿಗೇ ಹೆಸರಾದ ಪಿನೆಲ್ ಮಹಾಶಯನು ಪರೀಕ್ಷಿಸಿ, ಈ ಬಾಲಕನು ಹುಟ್ಟು ಬುದ್ಧಿಹೀನನೆಂದೂ ಶಿಕ್ಷಣದಿಂದ ಪ್ರಯೋಜನವಿಲ್ಲವೆಂದೂ ತೀರ್ಮಾನಿಸಿದನು.

ತರುಣ ಇಟಾರನು ಈ ತೀರ್ಮಾನವನ್ನು ಒಪ್ಪಲಿಲ್ಲ. ಬುದ್ಧಿಯಿಲ್ಲದ್ದರಿಂದ ಈತನು ಕಾಡುಪಾಲಾದುದಲ್ಲ, ಕಾಡುಪಾಲಾದ್ದರಿಂದ ಬುದ್ಧಿಯು ಅರಳಲಿಲ್ಲವೆಂಬುದು ಆತನ ವಾದ. ಜ್ಞಾನವೆಲ್ಲವೂ ಇಂದ್ರಿಯಗಳ ಮೂಲಕವೇ ಬರತಕ್ಕದ್ದೆಂದು ಸಾರಿದ ಲಾಕ್ ಮತ್ತು ಕಾಂಡಿಯಾಕ್ ಎಂಬ ತತ್ತ್ವಜ್ಞರ ಮತವನ್ನು ಆತನು ನೆಚ್ಚಿದ್ದನು.

ಎಲ್ಲರೂ ಬಾಲಕನನ್ನು ಕಿವುಡನೆಂದು ತಿಳಿದಿದ್ದರು. ಅದಕ್ಕೆ ಕಾರಣವೂ ಇದ್ದಿತು: ಬೆನ್ನ ಹಿಂದೆ ಪಿಸ್ತೂಲು ಹಾರಿಸಿದರೂ ಆತನು ಗಮನಿಸಿದಂತೆ ತೋರುತ್ತಿರಲಿಲ್ಲ. ಆದರೆ ಅದೇ ಬೆನ್ನ ಹಿಂದೆ ಯಾರಾದರೂ ಸದ್ದಾಗದಂತೆ ಒಂದು ಅಕ್ರೋಟ ಕಾಯಿಯನ್ನು ಒಡೆದರೆ ತಟ್ಟನೆ ತಿರುಗುವನು! ಕಿವಿಯು ಸರಿಯಾಗಿಯೇ ಇದ್ದಿತು. ಪಿಸ್ತೂಲಿನ ಸದ್ದಿಗೆ ಆತನ ಬಾಳಿನಲ್ಲಿ ಅರ್ಥವಿರಲಿಲ್ಲ, ಕಾಯಿಯ ಸದ್ದಿಗೆ ಇದ್ದಿತು, ಅಷ್ಟೇ.

ಇಲ್ಲಿ ನನ್ನದೊಂದು ಮಾತನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ಉದ್ಯೋಗದ ಮೊದಲ ವರ್ಷಗಳಲ್ಲಿ ನಾನು ಕಡೆಯ ಸಾಲಿನ ಹುಡುಗನೊಬ್ಬನನ್ನು ಗಮನವಿಲ್ಲದ ಮಂಕನೆಂದು ದಿನವೂ ನಿಲ್ಲಿಸುತ್ತಿದ್ದೆನು. ಆತನಿಗೆ ಒಂದು ಕಿವಿಯು ಪೂರ್ತಿಯಾಗಿಯೂ ಇನ್ನೊಂದು ಅರ್ಧವೂ ಕೇಳಿಸುತ್ತಿರಲಿಲ್ಲವೆಂಬುದು ತಂದೆಯು ಮೈಸೂರಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದ ಮೇಲೆ ತಿಳಿಯಿತು. 1965ರಲ್ಲಿ ಅಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಸ್ಥಾಪನೆಯಾಗಿರುವ ಸಂಗತಿಯನ್ನು ಓದಿ ಬಲ್ಲ ನನಗೆ ಆ ಹುಡುಗನ ನೆನಪೇ ಬಂದಿರಲಿಲ್ಲ. ಇಟಾರನ ಬಾಲಕನಲ್ಲಿ ಕಿವಿಯಿದ್ದು ಅವಧಾನವಿರಲಿಲ್ಲ. ನನ್ನ ಹುಡುಗನಲ್ಲಿ ಅವಧಾನವಿದ್ದು ಕಿವಿಯಿರಲಿಲ್ಲ. ಹೊರಗಿನಿಂದ ನೋಡುವ ಉಪಾಧ್ಯಾಯನಿಗೆ ಇಬ್ಬರೂ ಒಂದೇ ಬಗೆಯಾಗಿ ಕಾಣುವರು.

ಇಟಾರನು ಪಾಠವನ್ನು ಅಕ್ಷರದಿಂದ ಆರಂಭಿಸಲಿಲ್ಲ, ಬಿಸಿನೀರಿನಿಂದ ಆರಂಭಿಸಿದನು. ಬಾಲಕನ ಚರ್ಮವು ಬಿಸಿ ತಣುಪುಗಳನ್ನರಿಯದಷ್ಟು ಜಡವಾಗಿದ್ದಿತು. ಕುದಿಯುವ ನೀರಿನಿಂದ ಆತನು ಬರಿಗೈಯಲ್ಲಿ ಆಲೂಗಡ್ಡೆ ತೆಗೆಯುತ್ತಿದ್ದನು. ದಿನಕ್ಕೆ ಎರಡು ಮೂರು ಗಂಟೆಗಳ ಕಾಲ ಬಿಸಿನೀರ ಸ್ನಾನ ಮಾಡಿಸುತ್ತ ಹೋದಂತೆ ಆತನಿಗೆ ಚಳಿಯೆಂದರೇನೆಂಬುದು ತಿಳಿಯಿತು. ಚಳಿ ತಿಳಿದ ಮೇಲೆ ಬಟ್ಟೆಯನ್ನು ತಾನಾಗಿ ತೊಟ್ಟುಕೊಂಡನು. ಸ್ವರಗಳಲ್ಲಿ ‘ಓ’ ಎಂಬುದಕ್ಕೆ ಆತನು ಹೊರಳಿ ನೋಡುವನೆಂದು ಕಂಡು, ಆ ಸ್ವರವಿರುವ ವಿಕ್ಟೋರ್ ಎಂಬ ಹೆಸರನ್ನಿಟ್ಟನು. ಗೆರಾನ್ ಎಂಬ ಗೃಹಿಣಿಯು ಬಾಲಕನಿಗೆ ಉಣಿಸಿ, ಉಡಿಸಿ ತಾಯಿಯಂತೆ ನೋಡಿಕೊಂಡಳು. ಇಟಾರನ ಕೀರ್ತಿಯಲ್ಲಿ ಈಕೆಯ ಪಾಲು ದೊಡ್ಡದು; ಗ್ರಂಥಗಳಲ್ಲಿ ಅದು ಅಷ್ಟಾಗಿ ಕಾಣಿಸುವುದಿಲ್ಲ.

ಮಾತು ಮಾತ್ರ ಬರಲಿಲ್ಲ. ಹಾಲಿಗೆ ಫ್ರೆಂಚ್ ಭಾಷೆಯಲ್ಲಿ ‘ಲೆ’ ಎನ್ನುವರು. ಈ ಶಬ್ದವನ್ನು ವಿಕ್ಟೋರನು ನುಡಿದಂದು ಇಟಾರನು ಹಿಗ್ಗಿದನು. ಆದರೆ ಹಾಲು ಬೇಕೆಂದು ಕೇಳಲು ಬಾಲಕನು ಅದನ್ನು ಬಳಸದೆ, ಹಾಲು ಕೈಗೆ ಬಂದ ಮೇಲೆ ಸಂತೋಷಕ್ಕಾಗಿ ಮಾತ್ರ ನುಡಿಯುತ್ತಿದ್ದುದನ್ನು ಕಂಡು ಕುಗ್ಗಿದನು. ಅನಂತರ ಬಿಡಿ ಅಕ್ಷರಗಳನ್ನು ಮಾಡಿಸಿ, ಹಲಗೆಯ ಮೇಲೆ ಜೋಡಿಸುವುದನ್ನು ಕಲಿಸಿದನು. ಒಂದು ದಿನ ವಿಕ್ಟೋರನು ಹಾಲು ಕುಡಿಯುವ ವಾಡಿಕೆಯಿದ್ದ ಮನೆಗೆ ಹೋಗುವಾಗ ಆ ಶಬ್ದದ ನಾಲ್ಕು ಅಕ್ಷರಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿಯ ಮೇಜಿನ ಮೇಲೆ ಸಾಲಾಗಿ ಇರಿಸಿದನು. ಯಾರೂ ಹೇಳಿಕೊಟ್ಟಿರಲಿಲ್ಲ.

ಕಿವಿಯ ಶಿಕ್ಷಣಕ್ಕಾಗಿ ಕಣ್ಣಿಗೆ ಪಟ್ಟಿ ಕಟ್ಟಿ, ಘಂಟೆ ಮದ್ದಳೆಗಳ ಭೇದವನ್ನೂ ಬಳಿಕ ಸ್ವರಗಳ ಭೇದವನ್ನೂ ಕಲಿಸತೊಡಗಿದನು. ಬಾಲಕನಿಗೆ ಇದು ಸೊಗಸಾದ ಆಟವಾಯಿತು. ನಗು ತಡೆಯಲಾರದೆ ತಪ್ಪುತಪ್ಪಾಗಿ ಬೆರಳೆತ್ತುವನು. ಇಟಾರನು ತಾಳ್ಮೆಗೆಟ್ಟು, ತಪ್ಪಿದಾಗಲೆಲ್ಲ ಮದ್ದಳೆಯ ಕೋಲಿನಿಂದ ಬೆರಳಿಗೆ ಮೆಲ್ಲಗೆ ಹೊಡೆದನು. ನಗು ನಿಂತಿತು, ಅದರೊಡನೆ ಪಾಠವೂ ನಿಂತಿತು. ಪಟ್ಟಿ ಕಟ್ಟಿದ ಮುಖದಲ್ಲಿ ಭಯವೊಂದೇ ಉಳಿಯಿತು. ಪಟ್ಟಿಯನ್ನು ಬಿಚ್ಚಿದರೂ ಆ ಮೊದಲಿನ ಉಲ್ಲಾಸವು ಮರಳಲಿಲ್ಲ. ಇನ್ನೊಮ್ಮೆ, ಬಾಲಕನು ರೋಷಗೊಂಡು ಪಾಠದ ಸಾಮಗ್ರಿಯನ್ನೆಲ್ಲ ಚೆಲ್ಲಾಡಿದಾಗ, ಆತನನ್ನು ನಾಲ್ಕನೆಯ ಅಂತಸ್ತಿನ ಕಿಟಕಿಯಿಂದ ಹೊರಕ್ಕೆ ಬಾಗಿಸಿ ಹಿಡಿದು ಹೆದರಿಸಿದನು. ವಿಕ್ಟೋರನು ನಡುಗುತ್ತ ಚೆಲ್ಲಿದ್ದನ್ನೆಲ್ಲ ಆಯ್ದಿಟ್ಟು, ಹಾಸಿಗೆಯ ಮೇಲೆ ಬಿದ್ದು ಅತ್ತನು. ಆತನು ಕಣ್ಣೀರಿಟ್ಟುದನ್ನು ಗುರುವು ಕಂಡದ್ದು ಅದೇ ಮೊದಲು. ಇದನ್ನು ನಾವು ಎಷ್ಟು ಮಾತ್ರಕ್ಕೂ ಸಮರ್ಥಿಸಲಾಗದು. ಆದರೂ ಈ ಎರಡು ಸಂಗತಿಗಳನ್ನೂ ಲೋಕಕ್ಕೆ ತಿಳಿಸಿದವನು ಇಟಾರನೇ ಎಂಬುದನ್ನು ಮರೆಯಬಾರದು.

ಬಾಲಕನಲ್ಲಿ ನ್ಯಾಯದ ಅರಿವಿದೆಯೇ ಎಂದು ಪರೀಕ್ಷಿಸಲು, ಪಾಠವನ್ನು ಸರಿಯಾಗಿ ಒಪ್ಪಿಸಿದ ದಿನವೇ ಆತನನ್ನು ಎಳೆದು ಕತ್ತಲೆಯ ಕೋಣೆಗೆ ನೂಕಹೊರಟನು. ತಪ್ಪು ಮಾಡಿ ದಂಡನೆಗೊಳಗಾದಾಗ ಎದುರಾಡದಿದ್ದ ವಿಕ್ಟೋರನು ಅಂದು ಗುರುವಿನ ಕೈಯನ್ನು ಬಲವಾಗಿ ಕಚ್ಚಿದನು. ಇಟಾರನು ಆ ನೋವಿನಲ್ಲಿಯೂ ಸಂತೋಷಪಟ್ಟನು. ಇದಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ಮತ್ತೊಂದು ಪ್ರಸಂಗ. ಊಟದ ಮೇಜನ್ನು ಅಣಿಗೊಳಿಸುವುದು ವಿಕ್ಟೋರನ ಕೆಲಸವಾಗಿದ್ದಿತು. ಗೆರಾನಳ ಪತಿಯು ತೀರಿಕೊಂಡ ದಿನವೂ ಆತನು ಎಂದಿನಂತೆ ಗತಿಸಿದವನ ತಟ್ಟೆಯನ್ನು ಇಟ್ಟನು. ಅದನ್ನು ಕಂಡು ಆ ತಾಯಿಯು ಬಿಕ್ಕಿ ಅತ್ತಳು. ವಿಕ್ಟೋರನು ತಟ್ಟೆಯನ್ನು ಮೆಲ್ಲನೆ ಎತ್ತಿ ಕಪಾಟಿನಲ್ಲಿಟ್ಟನು. ಮತ್ತೆಂದೂ ಅದನ್ನು ಹೊರತೆಗೆಯಲಿಲ್ಲ. ಬುದ್ಧಿಹೀನನೆನಿಸಿಕೊಂಡವನ ನಡತೆಯಿದು!

1801ರಲ್ಲಿ ಮೊದಲನೆಯ ವರದಿಯನ್ನೂ 1806ರಲ್ಲಿ ಎರಡನೆಯದನ್ನೂ ಬರೆದು ಇಟಾರನು ಈ ಪ್ರಯೋಗವನ್ನು ಮುಗಿಸಿದನು. ವಿಕ್ಟೋರನು ಓದಬಲ್ಲ ಶಬ್ದಗಳು ಕೆಲವು, ನುಡಿಯಬಲ್ಲವು ಇಲ್ಲವೆಂಬಷ್ಟು. ಸರಕಾರವು ವರ್ಷಕ್ಕೆ 150 ಫ್ರಾಂಕುಗಳನ್ನು ಗೊತ್ತುಪಡಿಸಿದ ಮೇಲೆ, ಗೆರಾನಳೇ ಆತನನ್ನು ಹತ್ತಿರದ ಮನೆಯೊಂದರಲ್ಲಿ ಇರಿಸಿಕೊಂಡು ಸಾಕಿದಳು. 1828ರಲ್ಲಿ ಆತನು ಅಲ್ಲಿಯೇ ತೀರಿಕೊಂಡನು. ಆತನು ಹುಟ್ಟಿನಿಂದಲೇ ಬೇರೆ ಬಗೆಯ ಮನಸ್ಸುಳ್ಳವನಾಗಿದ್ದನೆಂದೂ, ಈಗ ಆಟಿಸಂ ಎನ್ನುವ ಲಕ್ಷಣಗಳು ಆತನಲ್ಲಿದ್ದುವೆಂದೂ ಇತ್ತೀಚಿನ ಕೆಲವು ವಿದ್ವಾಂಸರ ಅಭಿಪ್ರಾಯ.

ನನಗೆ ತೋರುವ ಆಶ್ಚರ್ಯ ಇನ್ನೊಂದುಂಟು. ಆ ವಿದ್ಯಾಲಯದ ತುಂಬ ಕೈಸನ್ನೆಯ ಭಾಷೆಯಲ್ಲಿ ನಿರರ್ಗಳವಾಗಿ ಸಂಭಾಷಿಸುವ ಕಿವುಡ ಮಕ್ಕಳಿದ್ದರು. ಮಾಸ್ಯೂ ಎಂಬ ಕಿವುಡ ಉಪಾಧ್ಯಾಯನಿದ್ದನು. 1816ರಲ್ಲಿ ಅಮೆರಿಕೆಗೆ ತೆರಳಿ ಮರುವರ್ಷ ಅಲ್ಲಿಯ ಕಿವುಡರ ಶಾಲೆಗೆ ಅಡಿಗಲ್ಲಾದ ಕ್ಲೇರ್ ಇದ್ದನು. ಇಷ್ಟಿದ್ದೂ ವಿಕ್ಟೋರನಿಗೆ ಸನ್ನೆಯ ಭಾಷೆಯನ್ನು ಕಲಿಸಲು ಇಟಾರನು ಯತ್ನಿಸಲಿಲ್ಲ. ಮಾತೇ ಮನುಷ್ಯತ್ವದ ಗುರುತೆಂಬ ಹಟವು ಆತನನ್ನು ಕುರುಡಾಗಿಸಿದ್ದಿತು.

ಆ ಹಟದಿಂದಲೇ ಕಿವುಡ ಮಕ್ಕಳ ಕಿವಿಗಳಿಗೆ ವಿದ್ಯುತ್ತನ್ನು ಹಾಯಿಸಿದನು, ಜಿಗಣೆಗಳನ್ನು ಹಚ್ಚಿದನು, ಕಿವಿಯ ತಮಟೆಯನ್ನು ಚುಚ್ಚಿದನು, ಕಿವಿಯ ಹಿಂದೆ ಬೊಕ್ಕೆಯೆಬ್ಬಿಸಿದನು. ಮಕ್ಕಳು ನೊಂದುದೇ ಫಲ. ಈ ಚಿಕಿತ್ಸೆಗಳು ವ್ಯರ್ಥವೆಂದು ಕೊನೆಗೆ ಆತನೇ ಒಪ್ಪಿಕೊಂಡನು. ಸ್ವಲ್ಪ ಕೇಳಿಸುವ ಮಕ್ಕಳನ್ನು ಬೇರ್ಪಡಿಸಿ, ಘಂಟಾನಾದದಿಂದ ಮೊದಲುಗೊಂಡು ಸ್ವರಗಳವರೆಗೆ ಕ್ರಮವಾಗಿ ಕೇಳಿಸುವ ಅಭ್ಯಾಸವನ್ನು ಮಾಡಿಸಿದ್ದು ಮಾತ್ರ ಫಲಕಾರಿಯಾಯಿತು. 1821ರಲ್ಲಿ ಪ್ರಕಟವಾದ, ಕಿವಿಯ ರೋಗಗಳನ್ನು ಕುರಿತ ಆತನ ಬೃಹದ್ಗ್ರಂಥದಲ್ಲಿ ಶ್ರವಣಶಕ್ತಿಯ ಕೊರತೆಯು ಐದು ತರಗತಿಗಳಾಗಿ ವಿಂಗಡಣೆಗೊಂಡಿದೆ. ಕಿವುಡೆಂಬುದು ಇದೆ ಅಥವಾ ಇಲ್ಲ ಎಂಬಂತಹುದಲ್ಲ, ಅದರಲ್ಲಿ ಅಂತರಗಳಿವೆ ಎಂಬ ಈ ವಿವೇಚನೆಯಿಂದ ಅರೆಗಿವುಡ ಮಕ್ಕಳ ಶಿಕ್ಷಣಕ್ಕೆ ದಾರಿಯಾಯಿತು. 1828ರಲ್ಲಿ ಆತನು ಬರೆದ ಮತ್ತೊಂದು ಪ್ರಬಂಧದ ವಿಷಯವು, ಕಿವಿಯ ದೋಷವಿಲ್ಲದೆ ಬುದ್ಧಿವ್ಯಾಪಾರದ ದೋಷದಿಂದಲೇ ಮಾತು ಬಾರದಿರುವ ಮಕ್ಕಳನ್ನು ಗುರುತಿಸುವುದು.

ಮುಪ್ಪಿನಲ್ಲಿ ಇಟಾರನು ಸೆಗೆನ್ ಎಂಬ ತರುಣನಿಗೆ ತನ್ನ ವಿದ್ಯೆಯನ್ನು ಧಾರೆಯೆರೆದನು. ಬುದ್ಧಿಮಾಂದ್ಯದ ಮಕ್ಕಳಿಗೆ ವ್ಯವಸ್ಥಿತ ಶಿಕ್ಷಣವನ್ನು ರೂಪಿಸಿದ ಸೆಗೆನನು ಮುಂದೆ ಅಮೆರಿಕೆಗೆ ಹೋಗಿ ನೆಲಸಿದನು. ಈ ಗುರುಶಿಷ್ಯರ ಬರಹಗಳನ್ನು ಇಟಲಿಯ ಮರಿಯಾ ಮಾಂಟೆಸೊರಿಯು ತನ್ನ ಕೈಯಾರೆ ಇಟಾಲಿಯನ್ ಭಾಷೆಗೆ ಬರೆದುಕೊಂಡು ಅಭ್ಯಸಿಸಿ, 1907ರಲ್ಲಿ ರೋಮಿನಲ್ಲಿ ತನ್ನ ಶಿಶುಗೃಹವನ್ನು ತೆರೆದಳು. 1939ರಲ್ಲಿ ಆಕೆ ಮದರಾಸಿನ ಅಡಯಾರಿಗೆ ಬಂದು ಉಪಾಧ್ಯಾಯರಿಗೆ ತರಬೇತಿ ಕೊಟ್ಟಳು. ನಮ್ಮ ಶಿಶುವಿಹಾರಗಳ ಮಕ್ಕಳು ಬೆರಳಾಡಿಸುವ ಬಿಡಿ ಅಕ್ಷರಗಳ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ವಿಕ್ಟೋರನ ಜೇಬಿನ ಆ ನಾಲ್ಕು ಅಕ್ಷರಗಳು ಸಿಕ್ಕುವುವು.

ಅವಿವಾಹಿತನಾಗಿಯೇ ಉಳಿದ ಇಟಾರನು 1838ರ ಜುಲೈ 5ರಂದು ಪಾಸಿಯಲ್ಲಿ ಕಾಲವಾದನು. ಕಿವುಡ ಮಕ್ಕಳ ಉನ್ನತ ತರಗತಿಯೊಂದಕ್ಕೆಂದು ತನ್ನ ವಿದ್ಯಾಲಯಕ್ಕೆ ಉಯಿಲಿನಲ್ಲಿ ದತ್ತಿಯನ್ನು ಬಿಟ್ಟಿದ್ದನು. ಸನ್ನೆಯ ಭಾಷೆಯು ಕಿವುಡರ ಶಿಕ್ಷಣಕ್ಕೆ ಅವಶ್ಯವೆಂದು ಉತ್ತರವಯಸ್ಸಿನಲ್ಲಿ ಆತನು ಕಂಡುಕೊಂಡಿದ್ದರೂ, 1880ರಲ್ಲಿ ಮಿಲಾನಿನಲ್ಲಿ ನೆರೆದ ಶಿಕ್ಷಕರ ಸಮ್ಮೇಳನವು ಅದನ್ನು ಶಾಲೆಗಳಿಂದ ಹೊರಗಟ್ಟಿತು. ಕಿವುಡ ಮಕ್ಕಳು ಸನ್ನೆ ಮತ್ತು ಫ್ರೆಂಚ್ ಎರಡರಲ್ಲಿಯೂ ಕಲಿಯಬಹುದೆಂದು ಫ್ರಾನ್ಸಿನ ಕಾನೂನು ಅನುಮತಿಯಿತ್ತದ್ದು 1991ರಲ್ಲಿ.