ರಾಣಿ ಅರಿಯದೆ ಕೊಟ್ಟ ಬಳುವಳಿ

ಕೆಲವು ವರ್ಷಗಳ ಹಿಂದೆ ದೇವರಾಜ ಮೊಹಲ್ಲಾದ ನಮ್ಮ ಬೀದಿಯಲ್ಲಿ ಬಾಲಕನೊಬ್ಬನ ಹಾಲುಹಲ್ಲು ಬಿದ್ದು ಎರಡು ದಿನ ಕಳೆದರೂ ರಕ್ತ ನಿಲ್ಲಲಿಲ್ಲ. ಪರೀಕ್ಷಿಸಿದ ವೈದ್ಯರು ಕುಸುಮರೋಗ, ಅಂದರೆ ಹಿಮೊಫಿಲಿಯಾ ಎಂದರು. ಅದು ತಾಯಿಯಿಂದ ಬಂದದ್ದೆಂದು ತಿಳಿದೊಡನೆ ಮನೆಯ ಹಿರಿಯರು ಸೊಸೆಯನ್ನು ಅಪರಾಧಿಯಂತೆ ಕಂಡರು. ಆ ತಾಯಿಯನ್ನು ಕಂಡಾಗಲೆಲ್ಲ ನನಗೆ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಬದುಕು ನೆನಪಾಗುತ್ತದೆ.

1819ರಲ್ಲಿ ಜನಿಸಿದ ವಿಕ್ಟೋರಿಯಾ 1837ರಲ್ಲಿ ಪಟ್ಟವೇರಿದರು. 1840ರಲ್ಲಿ ಆಲ್ಬರ್ಟರನ್ನು ವರಿಸಿ, ನಾಲ್ವರು ಗಂಡು, ಐವರು ಹೆಣ್ಣುಮಕ್ಕಳ ತಾಯಿಯಾದರು. 1881ರಲ್ಲಿ ಮೈಸೂರು ಸಂಸ್ಥಾನ ಹತ್ತನೇ ಚಾಮರಾಜ ಒಡೆಯರಿಗೆ ಮರಳಿ ದೊರೆತದ್ದು ಅವರ ಆಳ್ವಿಕೆಯಲ್ಲಿಯೇ. ಅಷ್ಟು ದೊಡ್ಡ ಸಾಮ್ರಾಜ್ಯವನ್ನಾಳಿದ ಅವರಿಗೆ, 1853ರಲ್ಲಿ ಹುಟ್ಟಿದ ಮಗ ಲಿಯೊಪೋಲ್ಡರ ರಕ್ತಸ್ರಾವಕ್ಕೆ ಮದ್ದು ದೊರೆಯಲಿಲ್ಲ. 1884ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಜಾರಿಬಿದ್ದ ಲಿಯೊಪೋಲ್ಡರು 30ನೆಯ ವಯಸ್ಸಿನಲ್ಲೇ ತೀರಿಕೊಂಡರು.

ಕಾರಣವಿದ್ದದ್ದು ರಾಣಿಯ ಒಂದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ದೋಷವಿದ್ದರೆ ಇನ್ನೊಂದು ಸಾಮಾನ್ಯವಾಗಿ ಕಾಪಾಡುತ್ತದೆ. ಗಂಡಿಗಿರುವುದು ತಾಯಿ ಕೊಟ್ಟ ಒಂದೇ ಎಕ್ಸ್. ಆದ್ದರಿಂದ ವಾಹಕಿಯಾದ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೆ ರೋಗ ಬರುವ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆ ಶೇ 50. ರೋಗವುಳ್ಳ ತಂದೆಯಿಂದ ದೋಷ ಗಂಡುಮಕ್ಕಳಿಗೆ ಹೋಗದು, ಹೆಣ್ಣುಮಕ್ಕಳೆಲ್ಲರೂ ವಾಹಕಿಯರಾಗುತ್ತಾರೆ. ಅರ್ಥಶಾಸ್ತ್ರ ಓದಿದ ನನಗೆ ತಾಯಿಯ ಈ ಲೆಕ್ಕ ನಾಣ್ಯ ಚಿಮ್ಮಿದಂತೆಯೇ ಕಾಣುತ್ತದೆ. ಮೊದಲ ಮಗು ಆರೋಗ್ಯವಾಗಿದ್ದರೆ ಎರಡನೆಯದಕ್ಕೆ ಅದು ಭರವಸೆಯೂ ಅಲ್ಲ, ಬೆದರಿಕೆಯೂ ಅಲ್ಲ.

ಹಿರಿಯ ಮಗ ಎಡ್ವರ್ಡರಿಗೆ ದೋಷ ಬರಲಿಲ್ಲ. ಬ್ರಿಟನ್ನಿನ ಸಿಂಹಾಸನದ ವಂಶ ಪಾರಾಯಿತು. ಆದರೆ ಹೆಣ್ಣುಮಕ್ಕಳಾದ ಆಲಿಸ್ ಮತ್ತು ಬಿಯಾಟ್ರಿಸ್ ಅದನ್ನು ಬಳುವಳಿಯಂತೆ ಹೊತ್ತು ಗಂಡನ ಮನೆ ಸೇರಿದರು. ಆಲಿಸರ ಮಗಳು ಅಲೆಕ್ಸಾಂಡ್ರಾ ರಷ್ಯಾದ ಚಕ್ರವರ್ತಿನಿಯಾದರು. 1904ರಲ್ಲಿ ಹುಟ್ಟಿದ ಅವರ ಏಕೈಕ ಪುತ್ರ ಅಲೆಕ್ಸಿಗೆ ಈ ರೋಗವಿತ್ತು. ಬಿಯಾಟ್ರಿಸರ ಮಗಳ ಮೂಲಕ ಅದು ಸ್ಪೇನಿನ ಅರಮನೆಯನ್ನೂ ಹೊಕ್ಕಿತು. ವಿಕ್ಟೋರಿಯಾ 1901ರಲ್ಲಿ ನಿಧನರಾದರು. ಇದು ಹಿಮೊಫಿಲಿಯಾ ‘ಬಿ’ ಎಂದು ರಷ್ಯಾದ ರಾಜಕುಟುಂಬದ ಅಸ್ಥಿಗಳ ಡಿಎನ್‌ಎ ಪರೀಕ್ಷೆಯಿಂದ ಖಚಿತವಾದದ್ದು 2009ರಲ್ಲಿ.

ರಾಣಿಯ ಪೂರ್ವಿಕರಲ್ಲಿ ಈ ರೋಗದ ಸುಳಿವಿಲ್ಲ. ದೋಷ ಅವರಲ್ಲಿಯೇ ಹೊಸದಾಗಿ, ಬಹುಶಃ 51ರ ವಯಸ್ಸಿನ ತಂದೆಯಿಂದ ಬಂದಿರಬೇಕೆಂಬುದು ವಿಜ್ಞಾನಿಗಳ ಊಹೆ. ಇಲ್ಲಿ ಪಾಪವಿಲ್ಲ, ಶಾಪವಿಲ್ಲ, ತಾಯಿಯ ತಪ್ಪಂತೂ ಇಲ್ಲವೇ ಇಲ್ಲ.

ಇಂದು ರಕ್ತ ಹೆಪ್ಪುಗಟ್ಟಿಸುವ ಚುಚ್ಚುಮದ್ದುಗಳಿವೆ, ವಾಹಕಿಯರನ್ನು ಗುರುತಿಸುವ ಪರೀಕ್ಷೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೊಫಿಲಿಯಾ ಕೂಡ ಸೇರಿದೆ. ಆದರೂ ನಮ್ಮ ಬೀದಿಯ ಆ ಹುಡುಗನ ಅಕ್ಕನಿಗೆ ಪರೀಕ್ಷೆ ಮಾಡಿಸಲು ಮನೆಯವರು ಒಪ್ಪುತ್ತಿಲ್ಲ. ಸಂಬಂಧ ತಪ್ಪೀತೆಂಬ ಅಂಜಿಕೆ. ವಿಕ್ಟೋರಿಯಾರಿಗೆ ತಿಳಿಯುವ ದಾರಿಯೇ ಇರಲಿಲ್ಲ. ದಾರಿಯಿದ್ದೂ ಆ ಹೆಣ್ಣುಮಗಳನ್ನು ಕತ್ತಲಲ್ಲಿಡುವುದು ನ್ಯಾಯವಲ್ಲ.