ಲಾರ್ಸ್ ಆನ್ಸಾಗರ್

ಲಾರ್ಸ್ ಆನ್ಸಾಗರ್ (ನವೆಂಬರ್ 27, 1903 – ಅಕ್ಟೋಬರ್ 5, 1976) ನಾರ್ವೆಯಲ್ಲಿ ಜನಿಸಿದ ಅಮೆರಿಕದ ಭೌತರಸಾಯನಶಾಸ್ತ್ರಜ್ಞರು ಹಾಗೂ ಸೈದ್ಧಾಂತಿಕ ಭೌತವಿಜ್ಞಾನಿ. ಇವರಿಗೆ 1968ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಎರಡು ಆಯಾಮದ ಐಸಿಂಗ್ ಮಾದರಿಗೆ ಇವರು ಕಂಡುಹಿಡಿದ ನಿಖರ ಪರಿಹಾರವು ಸ್ಥಿತ್ಯಂತರಗಳ ಅಧ್ಯಯನಕ್ಕೆ ತಳಹದಿಯಾಗಿದೆ. ಲಿಪಿಡ್ ಪೊರೆಗಳ ಗಣಕ ಮಾದರಿಗಳಲ್ಲಿಯೂ ಇದರ ಪ್ರಭಾವವಿದೆ.

ಜೀವನ

ಆನ್ಸಾಗರ್ ಅವರು ಕ್ರಿಸ್ಟಿಯಾನಿಯಾದಲ್ಲಿ (ಇಂದಿನ ಓಸ್ಲೊ) ವಕೀಲರೊಬ್ಬರ ಮಗನಾಗಿ ಜನಿಸಿದರು. ಟ್ರಾಂಡ್‌ಹೈಮ್‌ನ ತಾಂತ್ರಿಕ ಕಾಲೇಜಿನಿಂದ 1925ರಲ್ಲಿ ರಾಸಾಯನಿಕ ಇಂಜಿನಿಯರಿಂಗ್ ಪದವಿ ಪಡೆದರು. ಅದೇ ವರ್ಷ ಜ್ಯೂರಿಕ್‌ನಲ್ಲಿ ಪೀಟರ್ ಡಿಬೈ ಅವರನ್ನು ಭೇಟಿಯಾಗಿ, ವಿದ್ಯುದ್ವಿಚ್ಛೇದ್ಯ ದ್ರಾವಣಗಳ ಕುರಿತ ಅವರ ಸಿದ್ಧಾಂತದಲ್ಲಿ ದೋಷವಿದೆಯೆಂದು ತಿಳಿಸಿದರು. ಡಿಬೈ ಈ ಯುವಕನನ್ನು ತಮ್ಮ ಸಹಾಯಕನನ್ನಾಗಿ ನೇಮಿಸಿಕೊಂಡರು.

1928ರಲ್ಲಿ ಅಮೆರಿಕಕ್ಕೆ ತೆರಳಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವನ್ನು ಸೇರಿದರು. ಆರಂಭಿಕ ತರಗತಿಯ ವಿದ್ಯಾರ್ಥಿಗಳಿಗೆ ಅವರ ಪಾಠ ಅರ್ಥವಾಗದ ಕಾರಣ ಕೆಲವೇ ತಿಂಗಳಲ್ಲಿ ಆ ಕೆಲಸ ಹೋಯಿತು. ಬಳಿಕ ಬ್ರೌನ್ ವಿಶ್ವವಿದ್ಯಾಲಯದಲ್ಲಿದ್ದಾಗ, 1931ರಲ್ಲಿ ಅನುತ್ಕ್ರಮಣೀಯ ಪ್ರಕ್ರಿಯೆಗಳ ಪರಸ್ಪರ ಸಂಬಂಧಗಳನ್ನು ಪ್ರಕಟಿಸಿದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ, 1933ರಲ್ಲಿ, ಅಲ್ಲಿನ ಹುದ್ದೆಯೂ ಕೈತಪ್ಪಿತು. ಮೂವತ್ತೈದು ವರ್ಷಗಳ ಅನಂತರ ನೊಬೆಲ್ ಪ್ರಶಸ್ತಿ ಬಂದದ್ದು ಇದೇ ಕೆಲಸಕ್ಕೆ.

1933ರಲ್ಲಿ ಯೇಲ್ ವಿಶ್ವವಿದ್ಯಾಲಯವನ್ನು ಸೇರಿದ ಅವರಿಗೆ ಡಾಕ್ಟರೇಟ್ ಪದವಿ ಇರಲಿಲ್ಲ. ಮ್ಯಾಥ್ಯೂ ಫಲನಗಳ ಕುರಿತು ಪ್ರಬಂಧ ಸಲ್ಲಿಸಿ 1935ರಲ್ಲಿ ಅಲ್ಲಿಯೇ ಅದನ್ನು ಪಡೆದರು. 1945ರಲ್ಲಿ ಅಮೆರಿಕದ ಪೌರತ್ವ ದೊರೆಯಿತು. 1972ರಲ್ಲಿ ನಿವೃತ್ತರಾಗಿ ಮಯಾಮಿ ವಿಶ್ವವಿದ್ಯಾಲಯಕ್ಕೆ ತೆರಳಿ, ಕೋರಲ್ ಗೇಬಲ್ಸ್‌ನಲ್ಲಿ ನಿಧನರಾದರು.

ಐಸಿಂಗ್ ಮಾದರಿ

ಜಾಲರಿಯ ಪ್ರತಿ ಬಿಂದುವೂ ಎರಡರಲ್ಲಿ ಒಂದು ಸ್ಥಿತಿಯಲ್ಲಿದ್ದು, ನೆರೆಯ ಬಿಂದುಗಳೊಡನೆ ಮಾತ್ರ ವರ್ತಿಸುತ್ತದೆ ಎಂಬುದು ಈ ಮಾದರಿಯ ತಿರುಳು. ಒಂದು ಆಯಾಮದಲ್ಲಿ ಸ್ಥಿತ್ಯಂತರ ನಡೆಯದೆಂದು ಅರ್ನ್ಸ್ಟ್ ಐಸಿಂಗ್ 1925ರಲ್ಲಿ ತೋರಿಸಿ, ಹೆಚ್ಚಿನ ಆಯಾಮಗಳಲ್ಲೂ ಹಾಗೆಯೇ ಎಂದು ತಪ್ಪಾಗಿ ಊಹಿಸಿದ್ದರು. ಆನ್ಸಾಗರ್ ಎರಡು ಆಯಾಮದ ಪರಿಹಾರವನ್ನು 1942ರಲ್ಲಿ ಘೋಷಿಸಿ, 1944ರಲ್ಲಿ ಪ್ರಕಟಿಸಿದರು. ಬಾಹ್ಯ ಕ್ಷೇತ್ರವಿಲ್ಲದ ಚೌಕ ಜಾಲರಿಯಲ್ಲಿ, ಅನ್ಯೋನ್ಯ ಕ್ರಿಯೆಯ ಶಕ್ತಿಯನ್ನು ಏಕಮಾನವಾಗಿಟ್ಟುಕೊಂಡರೆ, ನಿರ್ಣಾಯಕ ತಾಪಮಾನ ಸುಮಾರು 2.269, ಅಲ್ಲಿ ವಿಶಿಷ್ಟ ಉಷ್ಣವು ಲಘುಗಣಕೀಯವಾಗಿ ಅನಂತದತ್ತ ಏರುತ್ತದೆ. ಸ್ವಯಂಕಾಂತತ್ವದ ಸೂತ್ರವನ್ನೂ ಅವರು ಮುಂದೆ ತಿಳಿಸಿದರು. ಆದರೆ ಸಾಧನೆಯ ವಿವರ ಪ್ರಕಟಿಸಲಿಲ್ಲ. ಅದರ ಸಾಧನೆಯನ್ನು ಸಿ. ಎನ್. ಯಾಂಗ್ 1952ರಲ್ಲಿ ಪ್ರಕಟಿಸಿದರು.

ಲಿಪಿಡ್ ಪೊರೆಗಳ ಅಧ್ಯಯನದಲ್ಲಿ

ಲಿಪಿಡ್ ಪೊರೆಯು ಬಿಸಿಯಾದಾಗ ಅದರ ಅಣುಗಳ ನೆಟ್ಟನೆಯ ಬಾಲಗಳು ಅಸ್ತವ್ಯಸ್ತಗೊಂಡು, ಪೊರೆಯು ಜೆಲ್ ಸ್ಥಿತಿಯಿಂದ ದ್ರವರೂಪಕ್ಕೆ ಬದಲಾಗುತ್ತದೆ. ಡೈಪಾಮಿಟಾಯ್ಲ್ ಫಾಸ್ಫಟೈಡಿಲ್‌ಕೋಲೀನ್‌ನಲ್ಲಿ ಇದು ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ. 1978ರಲ್ಲಿ ಸೆಬಾಸ್ಟಿಯನ್ ಡೋನಿಯಾಕ್ ಪ್ರತಿ ಲಿಪಿಡ್‌ಗೂ ಎರಡೇ ಸ್ಥಿತಿಗಳನ್ನು ಕಲ್ಪಿಸಿ ಇದನ್ನು ಐಸಿಂಗ್ ಮಾದರಿಯ ರೂಪಕ್ಕೆ ತಂದರು. ಇಂತಹ ಮಾದರಿಗಳನ್ನು ಗಣಕದಲ್ಲಿ ಮಾಂಟೆ ಕಾರ್ಲೊ ಕ್ರಮದಿಂದ ಬಿಡಿಸಲಾಗುತ್ತದೆ. ಗಣಕದ ಜಾಲರಿ ಸೀಮಿತವಾದುದರಿಂದ ಅದರ ಫಲಿತಾಂಶ ಯಾವಾಗಲೂ ಅಂದಾಜು. ಹೀಗಾಗಿ ಕ್ರಮವಿಧಿ ಸರಿಯಿದೆಯೇ ಎಂದು ಪರೀಕ್ಷಿಸಲು ಆನ್ಸಾಗರ್ ಅವರ ನಿಖರ ಪರಿಹಾರವೇ ಒರೆಗಲ್ಲು.

ಸಮಾಧಿ

ನ್ಯೂ ಹೇವನ್‌ನ ಗ್ರೋವ್ ಸ್ಟ್ರೀಟ್ ಸ್ಮಶಾನದಲ್ಲಿ ಇವರ ಸಮಾಧಿಯು ಸಹೋದ್ಯೋಗಿ ಜಾನ್ ಕರ್ಕ್‌ವುಡ್ ಅವರ ಸಮಾಧಿಯ ಪಕ್ಕದಲ್ಲಿದೆ. ಕರ್ಕ್‌ವುಡ್ ಅವರ ಕಲ್ಲಿನ ಮೇಲೆ ಪ್ರಶಸ್ತಿಗಳ ಉದ್ದ ಪಟ್ಟಿಯಿದ್ದರೆ, ಆನ್ಸಾಗರ್ ಅವರ ಕಲ್ಲಿನಲ್ಲಿ ನೊಬೆಲ್ ಪುರಸ್ಕೃತ ಎಂದಷ್ಟೇ ಇತ್ತು. ಇತ್ಯಾದಿ ಎಂಬರ್ಥದ ಅಡಿಟಿಪ್ಪಣಿಯನ್ನು ಅವರ ಮಕ್ಕಳು ಮುಂದೆ ಸೇರಿಸಿದರು.