ಹರ್ಮನ್ ಮೋಗ್ಲಿಂಗ್

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಚಾಳುಕ್ಯರ ಕಾಲದ ಶಿಲಾಶಾಸನಗಳನ್ನು ಇಂದಿಗೂ ಕಾಣಬಹುದು. ಉಳಿಯಿಂದ ಕಂಡರಿಸಿದ ಆ ದುಂಡಾದ ಕನ್ನಡ ಅಕ್ಷರಗಳು ಶತಮಾನಗಳ ಮಳೆಗಾಳಿಗೂ ಅಳಿದಿಲ್ಲ. ಆದರೆ ಅವನ್ನು ಓದಬೇಕಾದವನು ಕಲ್ಲು ಇದ್ದಲ್ಲಿಗೇ ಹೋಗಬೇಕು. ಇನ್ನು ಓಲೆಗರಿಯ ಕಾವ್ಯಗಳನ್ನು ಒಂದೊಂದು ಪ್ರತಿಯಾಗಿ ಕೈಯಿಂದಲೇ ಬರೆಯಬೇಕಾಗಿತ್ತು. ಹುಳುಗಳಿಗೂ ತೇವಕ್ಕೂ ಅವು ಸುಲಭವಾಗಿ ತುತ್ತಾಗುತ್ತಿದ್ದವು. ಕನ್ನಡದ ಬರಹವು ಅಚ್ಚಾಗಿ ಸಾಮಾನ್ಯರ ಕೈ ಸೇರುವಂತೆ ದುಡಿದ ಮಹನೀಯರಲ್ಲಿ ಹರ್ಮನ್ ಮೋಗ್ಲಿಂಗರು ಪ್ರಮುಖರು.

ಮೋಗ್ಲಿಂಗರು 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಭಾರತಕ್ಕೆ ಬಂದು ಮಂಗಳೂರನ್ನು ಸೇರಿದರು. ಮತಪ್ರಚಾರವೇ ಅವರು ಬಂದ ಉದ್ದೇಶವಾಗಿತ್ತು. ಅದಕ್ಕಾಗಿ ಕಲಿತ ಕನ್ನಡವು ಕ್ರಮೇಣ ಅವರ ಮನಸ್ಸನ್ನೇ ಸೆರೆಹಿಡಿಯಿತು.

1841ರಲ್ಲಿ ಮಿಷನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡವನ್ನು ಮುದ್ರಿಸುವುದು ಇಂಗ್ಲಿಷನ್ನು ಮುದ್ರಿಸಿದಷ್ಟು ಸುಲಭವಲ್ಲ. ಕಾಗುಣಿತ, ಒತ್ತಕ್ಷರಗಳಿಗಾಗಿ ನೂರಾರು ಬಗೆಯ ಸೀಸದ ಮೊಳೆಗಳು ಬೇಕು. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲೇ ಮೊಳೆಗಳಿಂದ ಅಚ್ಚಾಗಿತ್ತು. ಆದರೆ ಮಂಗಳೂರಿನ ಮುದ್ರಣಾಲಯವು ಆಶ್ರಯಿಸಿದ್ದು ಕಲ್ಲಚ್ಚನ್ನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ವಿಧಾನವಿದು. ಜಿಡ್ಡಿನ ಮಸಿಯ ಬರಹವನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸುತ್ತಾರೆ. ಬಳಿಕ ಲೇಪಿಸಿದ ಶಾಯಿಯು ಜಿಡ್ಡಿರುವ ಅಕ್ಷರಗಳಿಗೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಲಿಪಿಕಾರನ ಕೈಬರಹವೇ ಅಚ್ಚಾಗುತ್ತದೆ. ಮೊಳೆಗಳ ತೊಡಕು ಇಲ್ಲಿಲ್ಲ.

ಈ ಕಲ್ಲಚ್ಚಿನಿಂದಲೇ 1843ರ ಜುಲೈ 1ರಂದು ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂದಿತು. ಇದು ಕನ್ನಡದ ಮೊದಲ ಪತ್ರಿಕೆ. ಪಕ್ಷಕ್ಕೊಮ್ಮೆ ಬರುತ್ತಿದ್ದ ಇದು ಊರಿನ ವರ್ತಮಾನವನ್ನೂ ಪರದೇಶದ ಸುದ್ದಿಯನ್ನೂ ಜನರಿಗೆ ಮುಟ್ಟಿಸಿತು. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ವರ್ಗವಾಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ಪಡೆಯಿತು.

ಇದಕ್ಕಿಂತಲೂ ಹಿರಿದಾದುದು ಅವರ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಗ್ರಂಥಮಾಲೆ. ಕ್ಯಾಸಮೇಜರ್ ಎಂಬವರ ಧನಸಹಾಯದಿಂದ 1848ರಲ್ಲಿ ಇದು ಆರಂಭವಾಯಿತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಇದರಲ್ಲಿ ಬೆಳಕು ಕಂಡವು. ತಮ್ಮ ಮತವನ್ನು ಬೋಧಿಸಲು ಬಂದ ಪಾದ್ರಿಯೊಬ್ಬರು ಶಿವಶರಣರ ಕಥೆಯನ್ನೂ ಹರಿದಾಸರ ಹಾಡುಗಳನ್ನೂ ಆದರದಿಂದ ಸಂಗ್ರಹಿಸಿ ಅಚ್ಚು ಹಾಕಿಸಿದರೆಂಬುದು ಸ್ಮರಣೀಯ ಸಂಗತಿ. ಅವರ ಮತದ ನಿಷ್ಠೆಯು ಪರರ ಕಾವ್ಯದ ಸವಿಯನ್ನು ಅರಿಯಲು ಅಡ್ಡಿಯಾಗಲಿಲ್ಲ.

ಕೆಲವು ವರ್ಷ ಕೊಡಗಿನಲ್ಲಿ ಸೇವೆ ಸಲ್ಲಿಸಿ, 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅಲ್ಲಿಯೂ ಕನ್ನಡವನ್ನು ಮರೆಯದೆ ಕಿಟೆಲ್ಲರ ನಿಘಂಟಿನ ಕಾರ್ಯಕ್ಕೆ ಬೆಂಬಲವಾಗಿ ನಿಂತರು. 1894ರಲ್ಲಿ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾದಾಗ ಅದನ್ನು ನೋಡಲು ಮೋಗ್ಲಿಂಗರಿರಲಿಲ್ಲ. 1881ರಲ್ಲೇ ಅವರು ನಿಧನ ಹೊಂದಿದ್ದರು.

ಶಾಸನದ ಕಲ್ಲು ತನ್ನ ಅಕ್ಷರವನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಅಚ್ಚಿನ ಕಲ್ಲನ್ನಾದರೋ ಒಂದು ಪುಟ ಮುಗಿದೊಡನೆ ಉಜ್ಜಿ, ಮುಂದಿನ ಪುಟಕ್ಕೆ ಅಣಿಮಾಡುತ್ತಾರೆ. ಅದರ ಮೇಲಿನ ಬರಹ ಅಳಿದರೂ ಕಾಗದದ ಮೇಲೆ ನೂರಾರು ಮನೆಗಳನ್ನು ಸೇರುತ್ತದೆ. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವಾಗ, ಪರದೇಶದಿಂದ ಬಂದು ನಮ್ಮ ನುಡಿಗಾಗಿ ದುಡಿದ ಈ ಹಿರಿಯರನ್ನು ಕೃತಜ್ಞತೆಯಿಂದ ನೆನೆಯುವುದು ನಮ್ಮ ಕರ್ತವ್ಯ.